ಗಾಡಿ ಕಾಟಾದ ಸೋಮವಾರ

ಒಂಬತ್ತಾಗಲು ಇನ್ನು ಹನ್ನೊಂದು ನಿಮಿಷ. ಸಕ್ಕರೆ ಕಾರ್ಖಾನೆಯ ಕಂಪ್ಯೂಟರು ನೋಡಿಕೊಳ್ಳುವ ಬಾಳೇಶ, ಎತ್ತಿನ ಗಾಡಿ ತೂಗುವ ಗಾಡಿ ಕಾಟಾದ ಕ್ಯಾಬಿನ್ನಿನಲ್ಲಿ, ಒಂದು ಕಾಲು ಗಿಡ್ಡಾದ ಸ್ಟೂಲಿನ ಮೇಲೆ, ಕಂಪ್ಯೂಟರಿನ ಬೆನ್ನಿಗೆ ಮುಖ ಮಾಡಿ ಕೂತಿದ್ದ. ಊರವರೆಲ್ಲ ಪರದೆ ನೋಡುತ್ತಾರೆ. ಅವನ ಹಣೆಬರಹಕ್ಕೆ ಮೂರು ವಾರದಿಂದ ಸಿಕ್ಕಿದ್ದು ಹಿಂಬದಿ. ಅಲ್ಲಿ ನೆಟ್‌ವರ್ಕ್ ಕಾರ್ಡಿನ ತೂತಿನ ಪಕ್ಕ ಸಾಸಿವೆ ಕಾಳಿನಷ್ಟು ದೀಪವೊಂದಿತ್ತು. ಅದು ಹಸಿರಾಗಿ ಹೊತ್ತಿದರೆ ಇಲ್ಲಿ ತೂಗಿದ ಕಬ್ಬು ಅಲ್ಲಿ ಕಚೇರಿಯಲ್ಲಿ ಕಾಣುತ್ತದೆ, ತೂಕದ ಚೀಟಿ ಹೊರಬೀಳುತ್ತದೆ, ಗಾಡಿಯವನು ಎತ್ತಿನ ಬಾಲ ತಿರುವಿ ಮುಂದೆ ಹೋಗುತ್ತಾನೆ. ಹೊತ್ತದಿದ್ದರೆ ಎಲ್ಲರೂ ಬಾಳೇಶನ ಮುಖ ನೋಡುತ್ತಾರೆ. ಹಾಗೆ ನೋಡಿಸಿಕೊಂಡು ನೋಡಿಸಿಕೊಂಡು ಅವನಿಗೆ ತನ್ನ ಮುಖವೇ ಬೇಜಾರಾಗಿತ್ತು. ಗೋಕಾಕಿನಿಂದ ನಸುಕಿನಲ್ಲೇ ಬೈಕು ಹತ್ತಿ ಬಂದದ್ದರಿಂದ ಕಿವಿಯಲ್ಲಿನ್ನೂ ಗಾಳಿ ಗುಂಯ್‌ಗುಡುತ್ತಿತ್ತು. ಸೋಮವಾರ ಅವನಿಗೆ ಹತ್ತರ ಪಾಳಿ. ಇಷ್ಟು ಬೇಗ ಬಾ ಎಂದು ಯಾರೂ ಹೇಳಿರಲಿಲ್ಲ.

"ಏನ್ರಿ ಸಾಹೇಬ್ರ, ಮತ್ತ ಬಂದ್ರಿ?" ಎಂದು ಕಾಟಾದ ಕಾರಕೂನ ಶೆಟ್ಟೆಪ್ಪ ಬಾಗಿಲಲ್ಲಿ ನಿಂತು ಎಲೆಗೆ ಸುಣ್ಣ ಹಚ್ಚುತ್ತ ಕೇಳಿದ. "ಮೂರ ವಾರಾತು, ಸೋಮಾರ ತಪ್ಪಸೂದಿಲ್ಲ. ಉಪಾಸ ಹಿಡದೀರೇನು? ಚಾ ನಡೀತೈತೋ, ಅದೂ ಇಲ್ಲೋ?"

"ನಡೀತೈತಿ," ಎಂದ ಬಾಳೇಶ. ಶೆಟ್ಟೆಪ್ಪನ ಮಾತಿನಲ್ಲಿ ಚುಚ್ಚು ಇದೆಯೋ ಇಲ್ಲವೋ ಎಂಬುದನ್ನು ತೂಗುವ ಕಾಟಾ ಯಾವ ಫ್ಯಾಕ್ಟರಿಯಲ್ಲೂ ಇಲ್ಲ. ಶೆಟ್ಟೆಪ್ಪನಿಗೆ ಎಲ್ಲ ಗೊತ್ತಿರಬೇಕು. ಗೊತ್ತಿರದೆ ಇರುವುದು ಹೇಗೆ? ಪ್ರತಿ ಸೋಮವಾರ ಒಂಬತ್ತಕ್ಕೆ ದೀಪ ಹೊತ್ತುವುದಿಲ್ಲ. ಒಂಬತ್ತೂ ಐದಕ್ಕೆ ಬಾಳೇಶ ಯಂತ್ರವನ್ನು ಪೂರ್ತಿ ಬಂದ್ ಮಾಡಿ ಮತ್ತೆ ಚಾಲೂ ಮಾಡುತ್ತಾನೆ, ಹೊತ್ತುತ್ತದೆ. ರಿಜಿಸ್ಟರಿನಲ್ಲಿ ಏನೂ ಬರೆಯುವುದಿಲ್ಲ. ಬರೆದರೆ, ಮೂರು ವಾರದ ಹಿಂದೆ ತಾನೇ ಅದರಲ್ಲಿ ಬರೆದ ಸಾಲು ಸುಳ್ಳಾಗುತ್ತದೆ.

ಹೊರಗೆ ಕಾಟಾದ ಕಬ್ಬಿಣದ ಹಾಸು ಖಾಲಿ ಬಿದ್ದಿತ್ತು. ಉಳಿದ ದಿನ ಈ ಹೊತ್ತಿಗೆ ಮೂಡಲಗಿ ರಸ್ತೆಯ ತನಕ ಚಕ್ಕಡಿಗಳು ನಿಂತು, ಎತ್ತಿನ ಗೆಜ್ಜೆ, ಬೈಗುಳ, ಕಬ್ಬಿನ ರವದಿಯ ವಾಸನೆ, ಬೀಡಿ ಹೊಗೆ ಎಲ್ಲ ಸೇರಿ ತಲೆ ಚಿಟ್ಟು ಹಿಡಿಯುತ್ತದೆ. ಸೋಮವಾರ ಬಸವಣ್ಣನ ವಾರ. ಈ ಸೀಮೆಯಲ್ಲಿ ಎತ್ತಿಗೆ ನೊಗ ಹೊರಿಸುವುದಿಲ್ಲ. ಟ್ರ್ಯಾಕ್ಟರಿಗೆ, ಲಾರಿಗೆ ಬೇರೆ ದೊಡ್ಡ ಕಾಟಾ ಇದೆ, ಅವಕ್ಕೆ ಯಾವ ವಾರವೂ ಇಲ್ಲ. ಇಲ್ಲಿಗೆ ಮಾತ್ರ ವಾರ ಹಿಡಿಯದ ನಾಲ್ಕೈದು ಗಾಡಿ ಹನ್ನೊಂದರ ಮೇಲೆ ಬಂದರೆ ಬಂತು. ಜನರ ಕಾಲಿನ ಕೆಸರು ಇರುವುದಿಲ್ಲವೆಂದು ಕ್ಯಾಬಿನ್ನಿನ ನೆಲ ಒರೆಸುವುದೂ ಸೋಮವಾರವೇ. ಒರೆಸುತ್ತಿದ್ದವಳು ಭರಮವ್ವ. ಈಗ ಯಾರೂ ಒರೆಸುತ್ತಿರಲಿಲ್ಲ. ಮೂರು ವಾರದ ಮಣ್ಣು ಬಾಳೇಶನ ಚಪ್ಪಲಿಯ ಕೆಳಗೆ ಕರಕರ ಎನ್ನುತ್ತಿತ್ತು.

ಅವತ್ತು ಹೀಗಾಗಿತ್ತು. ಅದೂ ಸೋಮವಾರ, ಸತತ ಎರಡನೆಯದು, ದೀಪ ಹೊತ್ತಿರಲಿಲ್ಲ. ನಿರ್ದೇಶಕರೊಬ್ಬರ ಸೋದರಳಿಯನ ಗಾಡಿ ಎರಡು ತಾಸು ಬಿಸಿಲಲ್ಲಿ ನಿಂತು, ಅವನು ಕಬ್ಬು ಒಣಗಿತೆಂದು ಕೂಗಾಡಿ, ಕಬ್ಬಿನ ಯಾರ್ಡಿನ ಮುಖ್ಯಸ್ಥ ಬಾಪುಸಾಹೇಬರು ಸ್ವತಃ ಕಾಟಾಕ್ಕೆ ನಡೆದುಬಂದಿದ್ದರು. ಬಾಳೇಶ ಅವರ ಹಿಂದೆ ಓಡಿ ಬಂದು ನೋಡಿದರೆ ಭರಮವ್ವ ಟೇಬಲ್ಲಿನ ಕೆಳಗೆ ಮೊಣಕಾಲೂರಿ ಕೂತಿದ್ದಳು, ಕೈಯಲ್ಲಿ ಒದ್ದೆ ಅರಿವೆ. ಕೇಬಲ್ಲಿನ ಸುತ್ತ ನೀರು. ಮೊಳೆಗೆ ತೂಗುಹಾಕಿದ್ದ ಅವನ ಊಟದ ಚೀಲವೂ ತೊಯ್ದಿತ್ತು. ರೊಟ್ಟಿ ಕಟ್ಟಿದ ಬಟ್ಟೆ ತಣ್ಣಗೆ ಕೈಗೆ ಹತ್ತಿದಾಗ ಅವನ ಸಿಟ್ಟು ನೆತ್ತಿಗೇರಿತ್ತು. "ನೀರ ನೀನ ಹಾಕಿದಿ?" ಎಂದು ಕೇಳಿದ. ಅವಳು ಅರಿವೆಯನ್ನು ಬಕೆಟ್ಟಿಗೆ ಹಾಕಿದಳು. ಸೆರಗಿಗೆ ಕೈ ಒರೆಸಿಕೊಂಡಳು. ಎದ್ದು ನಿಂತಳು. ಅವಳು ಯಾವಾಗಲೂ ಹಾಗೆಯೇ. ಚಹಾ ಬೇಕೇ ಎಂದರೂ ಮೊದಲು ಕೈಯಲ್ಲಿದ್ದದ್ದು ಕೆಳಗಿಟ್ಟು, ಕೇಳಿದವರ ಮುಖ ನೋಡಿ, ಒಂದು ಉಸಿರು ನುಂಗಿ, ಆಮೇಲೆ ಹೂಂ ಎನ್ನುವ ಹೆಂಗಸು. ಅಷ್ಟರೊಳಗೆ ಬಾಪುಸಾಹೇಬರು ಗಡಿಯಾರ ನೋಡಿದ್ದರು. ಅವರು ಗಡಿಯಾರ ನೋಡಿದ್ದನ್ನು ಬಾಳೇಶ ನೋಡಿದ್ದ. "ಆತು, ನಡಿ," ಎಂದು ಅವಳಿಗೆ ಹೇಳಿ ರಿಜಿಸ್ಟರು ಎಳೆದುಕೊಂಡು ಬರೆದೇಬಿಟ್ಟಿದ್ದ: ಕಸ ಹೊಡೆಯುವವಳು ನೀರು ಹಾಕಿದ್ದರಿಂದ ಕೇಬಲ್ಲು, ಕಾರ್ಡು ಕೆಟ್ಟಿವೆ. ಬಾಪುಸಾಹೇಬರು ಕೆಳಗೆ ಸಹಿ ಮಾಡಿದರು. ಹೊಸ ಕಾರ್ಡು ಬಂತು, ಮಂಗಳವಾರ ಹಾಕಿದ, ದೀಪ ಹೊತ್ತಿತು. ಭರಮವ್ವನಿಗೆ ನಾಳೆಯಿಂದ ಬರಬೇಡ ಎಂದಾಯಿತು. ಎಲ್ಲ ಹೊಂದಿಕೊಂಡಿತ್ತು, ಮುಂದಿನ ಸೋಮವಾರದ ತನಕ.

ಅವಳ ಬಾಯಿ ತೆರೆದಿತ್ತೇ? ಈ ಒಂದು ವಿಷಯ ಅವನಿಗೆ ಬಗೆಹರಿಯುತ್ತಿರಲಿಲ್ಲ. ಬೈಕಿನ ಮೇಲೆ, ಬಚ್ಚಲಲ್ಲಿ, ಹೆಂಡತಿ ಪಲ್ಯಕ್ಕೆ ಏನು ತರುತ್ತೀರಿ ಎಂದು ಕೇಳುತ್ತಿರುವಾಗ, ಆ ಮುಖ ಬರುತ್ತಿತ್ತು. ತುಟಿ ಬೇರೆಯಾಗಿದ್ದವು. ಹಲ್ಲಿನ ಸಂದಿ ಕಂಡಿತ್ತು. ತೆರೆದ ಬಾಯಿಯ ಮುಂದೆಯೇ ಅವನು ತಲೆ ತಗ್ಗಿಸಿ ಬರೆಯಲು ತೊಡಗಿದ್ದ. ಹುಕ್ಕೇರಿಯಲ್ಲಿ ರೂಮು ಮಾಡಿಕೊಂಡು ಡಿಪ್ಲೊಮಾ ಓದುತ್ತಿದ್ದಾಗ ಮೌಖಿಕ ಪರೀಕ್ಷೆಗೆ ಬಂದವನೊಬ್ಬ ಅವನಿಗೂ ಹೀಗೆಯೇ ಮಾಡಿದ್ದ. ಪ್ರಶ್ನೆ ಕೇಳಿ, ಎರಡು ಸಲ ಪೆನ್ನು ಕುಟ್ಟಿ, "ನೆಕ್ಸ್ಟ್" ಎಂದಿದ್ದ. ಉತ್ತರ ಬಾಳೇಶನ ಗಂಟಲಲ್ಲೇ ಇತ್ತು, ಪೂರ್ತಿ, ಚಿತ್ರದ ಸಮೇತ. ಹದಿನಾಲ್ಕು ವರ್ಷ ಅವನು ಆ ಮನುಷ್ಯನನ್ನು ಮನಸ್ಸಿನಲ್ಲೇ ಬೈದುಕೊಂಡು ಬಂದಿದ್ದ. ಈಗ ಬೈಯಲಿಕ್ಕೂ ಬಾಯಿ ಇಲ್ಲದಂತಾಗಿತ್ತು.

ಒಂಬತ್ತು. ಕಚೇರಿಯ ಕಂಪ್ಯೂಟರುಗಳು ಏಳುವ ಹೊತ್ತು. ಆಗ ಕಾಟಾದ ಯಂತ್ರವೂ ತನ್ನ ಕಾರ್ಡನ್ನು ಹೊಸದಾಗಿ ಎಬ್ಬಿಸಿ ಕಚೇರಿಯನ್ನು ಕೂಡಿಕೊಳ್ಳಬೇಕು. ತಿಂಗಳ ಹಿಂದೆ ಹಾಗೆ ಏರ್ಪಾಟು ಮಾಡಿಟ್ಟವನೂ ಬಾಳೇಶನೇ. ದೀಪ ಹೊತ್ತಲಿಲ್ಲ. ಅವನು ಎದ್ದು ಪರದೆಯ ಕಡೆ ಬಂದು ನೋಡಿದ. ಕಪ್ಪು ಪರದೆಯ ಮೇಲೆ ಅದೇ ಬಿಳಿ ಸಾಲು: ಕಾರ್ಡಿನಿಂದ ಉತ್ತರವಿಲ್ಲ. ಯಂತ್ರವನ್ನು ಬಂದ್ ಮಾಡಲು ಬೆರಳು ಗುಂಡಿಯ ತನಕ ಹೋಯಿತು. ಒತ್ತಲಿಲ್ಲ. ದಣಿವು ಬಂದಿತ್ತು, ನಿದ್ದೆಯಿಂದ ಹೋಗದಂಥ ದಣಿವು. ಮುಚ್ಚಿಡುವುದಕ್ಕೂ ಮೈಯಲ್ಲಿ ಕಸುವು ಬೇಕು. ಮತ್ತೆ ಸ್ಟೂಲಿನ ಮೇಲೆ ಕೂತುಬಿಟ್ಟ.

ಶೆಟ್ಟೆಪ್ಪ ಚಹಾದ ಎರಡು ಲೋಟ ತಂದು ಒಂದನ್ನು ಕೊಟ್ಟ. "ಏಳಲಿಲ್ಲೇನ್ರಿ?" ಎಂದು ಯಂತ್ರದ ಕಡೆ ಗದ್ದ ಎತ್ತಿದ. "ಸೋಮಾರ ಅಲ್ಲೇನು, ಅದಕ್ಕೂ ಜಡ. ನಮ್ಮ ಎತ್ತ ಹಿಂಗ ನೋಡ್ರಿ. ಇಡೀ ದಿನಾ ಮಲಗಿದ್ದು ಮಂಗಳಾರ ನಸುಕಿನ್ಯಾಗ ಎಬ್ಬಿಸಿದ್ರ ಕೂಡ್ಲೆ ಏಳೂದಿಲ್ಲ. ಬೆನ್ನ ಮ್ಯಾಲ ಕೈ ಇಟ್ಟು ಒಂದ್ ಗಳಿಗಿ ಸುಮ್ಮ ನಿಂದರಬೇಕು. ನಮ್ಮ ತಮ್ಮಗ ತಾಳ್ಮಿ ಇಲ್ಲ. ಎರಡ ಸಲ ಹೈ ಅಂತಾನು, ಎತ್ತಿಗೆ ಜಡ್ಡ ಬಂದೈತಿ ಅಂತ ಡಾಕ್ಟರಗ ಫೋನ್ ಹಚ್ಚತಾನು."

ಬಾಳೇಶ ಚಹಾ ಕುಡಿದ. ಲೋಟ ಕೆಳಗಿಟ್ಟ. ಕಬ್ಬು ನುರಿಸುವ ಹಂಗಾಮಿನ ಆರಂಭದಲ್ಲಿ, ಕರೆಂಟು ಹೋದಾಗ ಬ್ಯಾಟರಿ ಹೆಚ್ಚು ಹೊತ್ತು ಬರಲೆಂದು, ಅವನು ಈ ಯಂತ್ರಕ್ಕೆ ಒಂದು ಏರ್ಪಾಟು ಮಾಡಿದ್ದ: ಕೆಲಸವಿಲ್ಲದಾಗ ಪ್ರೊಸೆಸರು ತಾನೇ ವೇಗ ಇಳಿಸಿಕೊಳ್ಳುತ್ತದೆ, ಕೆಲಸ ಬಂದರೆ ತಾನೇ ಏರಿಸಿಕೊಳ್ಳುತ್ತದೆ. ಬ್ಯಾಟರಿ ಒಂದೂವರೆ ತಾಸು ಹೆಚ್ಚಿಗೆ ಬಂದಿತ್ತು. ಬಾಪುಸಾಹೇಬರು ಸಭೆಯಲ್ಲಿ ಅವನನ್ನು ನಿಲ್ಲಿಸಿ ಶಾಲು ಹೊದಿಸಿದ್ದರು, ಮನೆಯಲ್ಲಿ ಆ ಶಾಲು ಇನ್ನೂ ಪ್ಲಾಸ್ಟಿಕ್ಕಿನಲ್ಲೇ ಇತ್ತು. ಅವನು ಕೀಲಿಮಣೆ ಎಳೆದುಕೊಂಡು ವೇಗ ಕೇಳಿದ. ಯಂತ್ರ ಉತ್ತರಿಸಿತು: ಅರ್ಧಕ್ಕಿಂತ ಕಡಿಮೆ. ಗಾಡಿಗಳ ಸಾಲು ಇರುವ ದಿನ ನಸುಕಿನಿಂದಲೇ ಚೀಟಿಯ ಮೇಲೆ ಚೀಟಿ, ಒಂಬತ್ತರ ಹೊತ್ತಿಗೆ ಯಂತ್ರ ಪೂರ್ತಿ ಓಟದಲ್ಲಿರುತ್ತದೆ. ಬಂದ್ ಮಾಡಿ ಚಾಲೂ ಮಾಡಿದಾಗಲೂ ಅಷ್ಟೇ. ಸೋಮವಾರ ಒಂದೇ ದಿನ ಅದು ಬೆಳಗಿನಿಂದ ಸುಮ್ಮನೆ ಕೂತಿರುತ್ತದೆ.

ಉಳಿದದ್ದು ತಾನಾಗಿಯೇ ಬಿಚ್ಚಿಕೊಂಡಿತು. ಕಾರ್ಡನ್ನು ಎಬ್ಬಿಸುವ ತಂತ್ರಾಂಶ ಮೊದಲು ಯಂತ್ರದ ನಡಿಗೆ ಅಳೆಯುತ್ತದೆ, ಇಷ್ಟು ಎಣಿಸಿದರೆ ಇಷ್ಟು ಹೊತ್ತು ಎಂದು. ಆಮೇಲೆ ಕಾರ್ಡಿಗೆ ಏಳೆಂದು ಹೇಳಿ, ಎಣಿಸುತ್ತ ಕಾಯುತ್ತದೆ. ಸೋಮವಾರ ಅಳೆಯುವಾಗ ನಡಿಗೆ ನಿಧಾನ. ಆದರೆ ಕೆಲಸ ಬಂತೆಂದು ಪ್ರೊಸೆಸರು ಆ ಕ್ಷಣಕ್ಕೇ ಪೂರ್ತಿ ವೇಗಕ್ಕೆ ಜಿಗಿಯುತ್ತದೆ, ನಿಧಾನದಲ್ಲಿ ಗೊತ್ತುಮಾಡಿದ ಎಣಿಕೆಯನ್ನು ಅರ್ಧ ಹೊತ್ತಿನಲ್ಲೇ ಮುಗಿಸಿಬಿಡುತ್ತದೆ. ಕಾರ್ಡು ಇನ್ನೂ ಏಳುತ್ತಲೇ ಇರುತ್ತದೆ. ಅಷ್ಟರಲ್ಲಿ ಉತ್ತರವಿಲ್ಲ ಎಂದು ಬರೆದಾಗಿರುತ್ತದೆ. ಅವನು ವೇಗ ಇಳಿಯುವ ಏರ್ಪಾಟನ್ನು ತೆಗೆದುಹಾಕಿ ಕಾರ್ಡನ್ನು ಮತ್ತೆ ಎಬ್ಬಿಸಿದ. ದೀಪ ಹೊತ್ತಿತು. ಏರ್ಪಾಟನ್ನು ಮತ್ತೆ ಹಾಕಿ, ಕಾಲು ತಾಸು ಯಂತ್ರವನ್ನು ಮುಟ್ಟದೆ ಕೂತು ಎಬ್ಬಿಸಿದ. ಹೊತ್ತಲಿಲ್ಲ. ತೆಗೆದ, ಹೊತ್ತಿತು. ಮೂರನೆಯ ಸಲವೂ ಹಾಗೆಯೇ. ಇಂಥ ಗಳಿಗೆಗೆ ಖುಷಿಯಾಗಬೇಕು, ಬೇರೆ ದಿನ ಆಗಿದ್ದರೆ ಶೆಟ್ಟೆಪ್ಪನ ಬೆನ್ನಿಗೆ ಗುದ್ದಿ ಇನ್ನೊಂದು ಚಹಾ ಹೇಳುತ್ತಿದ್ದ. ಈಗ ರಿಜಿಸ್ಟರು ತೆರೆದು ಆ ಹಳೆಯ ಸಾಲನ್ನು ಮತ್ತೆ ಓದಿದ. ಹಳೆಯ ಕಾರ್ಡು ಕೆಟ್ಟಿರಲೇ ಇಲ್ಲ. ಕೇಬಲ್ಲೂ ಕೆಟ್ಟಿರಲಿಲ್ಲ. ಏರ್ಪಾಟನ್ನು ಕಾಯಂ ಆಗಿ ತೆಗೆದುಹಾಕಿ ಅವನು ಎದ್ದ.

ಬಾಪುಸಾಹೇಬರ ಟೇಬಲ್ಲಿನ ಮೇಲೆ ಹೆಸರುಗಳ ಯಾದಿ ಇತ್ತು. ಹಂಗಾಮು ಮುಗಿಯಲು ಬಂದಿತ್ತು. ಬರುವ ಹಂಗಾಮಿಗೆ ಯಾರ್ಯಾರನ್ನು ಕೆಲಸಕ್ಕೆ ಕರೆಯಬೇಕೆಂಬ ಯಾದಿ ಇವತ್ತು ಐದಕ್ಕೆ ಮುಖ್ಯ ಕಚೇರಿಯ ಜೀಪಿನಲ್ಲಿ ಹೋಗುತ್ತಿತ್ತು. ಒಮ್ಮೆ ಯಾದಿಯಿಂದ ಬಿಟ್ಟ ಹೆಸರು ಮತ್ತೆ ಸೇರಿದ್ದನ್ನು ಯಾರೂ ಕಂಡಿರಲಿಲ್ಲ. ಭರಮವ್ವನ ಹೆಸರಿನ ಮೇಲೆ ಗೆರೆ ಎಳೆದಿತ್ತು. ಕೆಳಗಿನಿಂದ ನಾಲ್ಕನೆಯದು ಬಾಳೇಶನದು. ಅವನೂ ಹಂಗಾಮಿಗೊಮ್ಮೆ ಕರೆಸಿಕೊಳ್ಳುವವನೇ, ಸಾಹೇಬ್ರ ಎನ್ನಿಸಿಕೊಳ್ಳುತ್ತಿದ್ದ, ಅಷ್ಟೇ ಫರಕು. ಅವನು ಹೇಳಿದ್ದನ್ನೆಲ್ಲ ಬಾಪುಸಾಹೇಬರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೇಳಿದರು. ಕೆಟ್ಟವರಲ್ಲ ಅವರು. ಯಾರ ಮೇಲೂ ದನಿ ಏರಿಸಿದವರಲ್ಲ.

"ಈಗ ನಡದೈತಲ್ಲ?" ಎಂದರು.

"ನಡದೈತ್ರಿ."

"ಹಂಗಾರ ಬಿಡು. ಸುಮ್ಮ ಯಾಕ ಕೆದರತಿ?"

"ಭರಮವ್ವಂದು ತಪ್ಪಿರಲಿಲ್ಲರಿ."

"ಖರೆ. ನನಗೂ ಕೆಟ್ಟ ಅನಸ್ತೈತಿ." ಅವರು ಕನ್ನಡಕ ಹಾಕಿಕೊಂಡರು. "ಆದ್ರ ನೋಡು, ಹೊಸಾ ಕಾರ್ಡ್ ಯಾಕ ತಂದ್ರಿ ಅಂತ ಮ್ಯಾಲಿನವರು ಕೇಳೇ ಕೇಳ್ತಾರ. ಯಾರದರೆ ಹೆಸರು ಹೇಳಬೇಕಾಗ್ತೈತಿ. ಯಾರ ಹೆಸರ ಹೇಳತೇವಿ, ಅವರ ಹೆಸರ ಈ ಯಾದ್ಯಾಗ ಉಳಿಯೂದಿಲ್ಲ. ನಿನಗ ಮಕ್ಕಳದಾವು." ಆಮೇಲೆ, ಅವನು ಹೋಗದೆ ನಿಂತದ್ದನ್ನು ಕಂಡು, "ಆಕಿ ತಪ್ಪಿಲ್ಲ ಅಂತ ಬರಿ, ಆಕಿ ಹೆಬ್ಬಟ್ಟ ಹಾಕಿಸ್ಕೊಂಡ ಬಾ. ಐದಕ್ಕ ನಾ ಡ್ರಾವರ್ ಮುಚ್ಚತೇನಿ. ಹೊತ್ತ ಮುಳಗೂದರೊಳಗ ಊಟಾ ಆಗಬೇಕು ನಂದು, ನಿನಗ ಗೊತ್ತೈತಿ."

ಗೊತ್ತಿತ್ತು. ಜೈನರ ಮನೆಯ ನೇಮ, ಮೂವತ್ತು ವರ್ಷದಲ್ಲಿ ಅವರು ದೀಪ ಹಚ್ಚಿದ ಮೇಲೆ ಉಂಡವರಲ್ಲ, ಐದು ಎಂದರೆ ಐದೇ. ಬಾಳೇಶ ಕೂತು ಬರೆದ. ಗಾಡಿ ಕಾಟಾದ ತೊಂದರೆಗೆ ಭರಮವ್ವ ಇವರು ಕಾರಣರಲ್ಲವೆಂದು ಕಂಡುಬಂದಿದೆ, ಇವರನ್ನು ಮುಂದಿನ ಹಂಗಾಮಿಗೆ ತೆಗೆದುಕೊಳ್ಳಬಹುದು. ಓದಿ ನೋಡಿದ. ಚೆನ್ನಾಗಿತ್ತು. ಯಾರೂ ಇರಲಿಲ್ಲ ಅದರಲ್ಲಿ. ತಾನು ಇಷ್ಟು ಜಾಣನೆಂದು ಅವನಿಗೇ ಗೊತ್ತಿರಲಿಲ್ಲ, ಆ ಜಾಣತನಕ್ಕೆ ನಾಚಿಕೆಯೂ ಆಯಿತು. ಆದರೂ ಕಾಗದವನ್ನು ಮಡಿಸಿ ಕಿಸೆಗಿಟ್ಟುಕೊಂಡು, ಸ್ಟಾಂಪ್ ಪ್ಯಾಡನ್ನು ಚೀಲಕ್ಕೆ ಹಾಕಿಕೊಂಡ.

ಎರಡರ ಮೇಲೆ ದೊಡ್ಡ ಕಾಟಾದ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡು ಅಲ್ಲೇ ಹೊತ್ತು ಹೋಯಿತು. ಭರಮವ್ವನ ಊರು ಕೌಜಲಗಿಯ ಹಾದಿ ಹಿಡಿದಾಗ ಮೂರೂವರೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಧೂಳು ತಿನ್ನುತ್ತ, ಏನು ಹೇಳಬೇಕೆಂದು ಹೊಂದಿಸುತ್ತ ಹೋದ. ಹೊಂದಿಸಿದ ಮಾತು ಪ್ರತಿ ತಗ್ಗಿನಲ್ಲೂ ಒಡೆಯುತ್ತಿತ್ತು. ಊರ ಹೊರಗೆ ಯಾರದೋ ಹೊಲದಲ್ಲಿ ಭರಮವ್ವ ಮೆಣಸಿನಕಾಯಿ ಬಿಡಿಸುತ್ತಿದ್ದಳು, ಏಳೆಂಟು ಹೆಂಗಸರ ನಡುವೆ. ಬೈಕು ನಿಂತದ್ದನ್ನು ಕಂಡು ಮಡಿಲಲ್ಲಿದ್ದ ಕಾಯಿ ಬುಟ್ಟಿಗೆ ಸುರುವಿ ಬದುವಿನ ಮೇಲೆ ಬಂದಳು. ಕಣ್ಣಿಗೆ ಬೆವರು ಇಳಿದಿತ್ತು. ಖಾರದ ಕೈಯಾದ್ದರಿಂದ ತೋಳಿನಿಂದ ಒರೆಸಿಕೊಂಡಳು.

ಅವನು ಹೇಳಿದ. ತಪ್ಪು ನಿನ್ನದಲ್ಲ ಎಂದು ಗೊತ್ತಾಯಿತು, ಕೆಲಸಕ್ಕೆ ಮತ್ತೆ ಕರೆಯುತ್ತಾರೆ, ಇಲ್ಲಿ ಹೆಬ್ಬಟ್ಟು ಒತ್ತಿದರೆ ಆಯಿತು, ಐದರೊಳಗೆ ಮುಟ್ಟಿಸಬೇಕು. ಕಾಗದ ಓದಿಯೂ ಹೇಳಿದ. ಹೇಳುತ್ತ ಹೇಳುತ್ತ ತನ್ನ ದನಿ ಓಡುತ್ತಿರುವುದು ಅವನಿಗೆ ಕೇಳಿಸಿತು. ಕೊನೆಗೆ, "ಬರ್ತೀಯಿಲ್ಲೋ?" ಎಂದ.

ಅವಳು ಅವನ ಮುಖ ನೋಡಿದಳು. ಉಸಿರು ನುಂಗಿದಳು. ಬಾಳೇಶನ ಕಣ್ಣು ಗಡಿಯಾರದ ಕಡೆ ಹೋಗಹೋಗುತ್ತ ನಿಂತಿತು. ಗಡಿಯಾರದ ಕೈಯನ್ನು ಕಿಸೆಯಲ್ಲಿ ತುರುಕಿಕೊಂಡ. ಗಿಡದ ಸಾಲಿನಲ್ಲಿ ಹೆಂಗಸರು ಏನೋ ಆಡಿ ನಕ್ಕರು. ಒಂದು ಟ್ರ್ಯಾಕ್ಟರು ದೂರದಿಂದ ಬಂದು, ಹತ್ತಿರವಾಗಿ, ದಾಟಿ, ಅದರ ಸದ್ದು ಪೂರ್ತಿ ಅಡಗುವ ತನಕ ಅವನು ಸುಮ್ಮನೆ ನಿಂತ. ಇಷ್ಟು ಹೊತ್ತು ಯಾರ ಮುಖವನ್ನಾದರೂ ನೋಡುತ್ತ ನಿಂತದ್ದು ಅವನಿಗೆ ನೆನಪಿರಲಿಲ್ಲ.

"ಹಾಕಿರಲಿಲ್ಲರಿ," ಎಂದಳು ಭರಮವ್ವ.

ಅವನಿಗೆ ತಿಳಿಯಲಿಲ್ಲ. "ಏನು?"

"ನೀರು. ನಾ ಹಾಕಿದ್ನೇನಂತ ಕೇಳಿದ್ರೆಲ್ಲ." ಮೂರು ವಾರದ ಹಿಂದಿನ ಪ್ರಶ್ನೆಗೆ ಅವಳು ಈಗ ಉತ್ತರ ಕೊಡುತ್ತಿದ್ದಳು, ನಿನ್ನೆ ಕೇಳಿದ್ದರೆ ನಿನ್ನೆ ಕೊಡುತ್ತಿದ್ದವಳಂತೆ. "ಟೇಬಲ್ ಕೆಳಗ ನಾ ಬಕೀಟ ಒಯ್ಯತಿರಲಿಲ್ಲರಿ, ಒಣಾ ಅರಿವೀಲೆ ಒರಸ್ತಿದ್ದೆ. ನಿಮ್ಮ ಚೀಲದಾಗಿಂದು ನೀರಿನ ಬಾಟ್ಲಿ ಸೋರಾಕತ್ತಿತ್ತು. ವಾಯರಕ್ಕ ಹತ್ತತೈತಿ ಅಂತ ಲಗು ಲಗು ಒರಸಾಕತ್ತಿದ್ದೆ, ನೀವು ಬಂದ್ರಿ."

ರೊಟ್ಟಿ ಕಟ್ಟಿದ ಬಟ್ಟೆ ಅವನ ಕೈಗೆ ಮತ್ತೆ ತಣ್ಣಗೆ ಹತ್ತಿತು. ಹೊರಗಿನಿಂದ ಸಿಡಿದ ನೀರು ಚೀಲದ ಹೊರಮೈಯನ್ನು ತೊಯಿಸಬೇಕಿತ್ತು, ಒದ್ದೆಯಾಗಿದ್ದದ್ದು ಒಳಗೆ. ಅವತ್ತೇ ಕೈಗೆ ಗೊತ್ತಾಗಿತ್ತು ಅದು. ಕೈ ಹೇಳಿದ್ದನ್ನೂ ಅವನು ಕೇಳಿರಲಿಲ್ಲ. "ಆವಾಗ ಯಾಕ ಹೇಳಲಿಲ್ಲ ಯವ್ವಾ?" ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡ. ಅದನ್ನು ಕೇಳುವ ಹಕ್ಕು ತನಗಿರಲಿಲ್ಲ.

"ಅದರಾಗ ಯಾರ ತಪ್ಪಂತ ಬರದೀರಿ?" ಅವಳು ಕಾಗದದ ಕಡೆ ಗದ್ದ ತೋರಿಸಿದಳು.

"ಯಾರದೂ ಬರದಿಲ್ಲ. ಮಶೀನಿಂದು ಅದು."

"ಮಶೀನ ಮನಿಗಿ ಕಳಿಸಿದ್ರೇನ್ರಿ?" ಸಿಟ್ಟಿರಲಿಲ್ಲ ಅವಳ ದನಿಯಲ್ಲಿ, ತಿಳಿದುಕೊಳ್ಳಬೇಕೆಂದು ಕೇಳಿದಂತಿತ್ತು. "ಕೌಜಲಗ್ಯಾಗ ಮಂದಿ ಇನ್ನೂ ಕೇಳ್ತಾರ್ರಿ, ಅಲ್ಲೇನ ಕೆಡಿಸಿ ಬಂದಿ ಅಂತ. ಯಾರೂ ಕೆಡಿಸಿಲ್ಲಂದ್ರ ನಾನ ಕೆಡಿಸೇನಿ ಅಂತ ತಿಳಕೋತಾರು."

ನಾಲ್ಕೂ ಹತ್ತು. ಬಾಳೇಶ ಕಾಗದವನ್ನು ಬೈಕಿನ ಸೀಟಿನ ಮೇಲೆ ಹಾಸಿ, ಬಾಗಿ, ಕೆಳಗೆ ಬರೆದ. ರೆಗ್ಜಿನ್ನು ಹರಿದ ಕಡೆ ಪೆನ್ನು ಎರಡು ಸಲ ಕಾಗದಕ್ಕೆ ತೂತು ಮಾಡಿತು. ಯಂತ್ರದ ವೇಗ ಇಳಿಯುವ ಏರ್ಪಾಟು ಮಾಡಿದವನು ನಾನು. ಅದರಿಂದಲೇ ಕಾರ್ಡು ಏಳುತ್ತಿರಲಿಲ್ಲ. ಟೇಬಲ್ಲಿನ ಕೆಳಗಿನ ನೀರು ನನ್ನ ಬಾಟಲಿಯದು, ಭರಮವ್ವ ಅದನ್ನು ಒರೆಸುತ್ತಿದ್ದರು. ವಿಚಾರಿಸದೆ ಬರೆದವನು ನಾನು. ಆಮೇಲೆ ತನ್ನ ಹೆಸರು, ಅಪ್ಪನ ಹೆಸರು, ಊರು, ಪೂರ್ತಿ. ಯಾದಿಯಲ್ಲಿ ಕೆಳಗಿನಿಂದ ನಾಲ್ಕನೆಯ ಸಾಲು ಕಣ್ಣ ಮುಂದೆ ಬಂತು, ಅದರ ಮೇಲೆ ಬಾಪುಸಾಹೇಬರ ಕೆಂಪು ಗೆರೆ. ಮನೆಯಲ್ಲಿ ಇದನ್ನು ಹೇಗೆ ಹೇಳುವುದೋ. ಭಯವಾಯಿತು. ಭಯದ ಕೆಳಗೆ ಮೂರು ವಾರದಲ್ಲಿ ಮೊದಲ ಸಲ ಸ್ವಲ್ಪ ನಿದ್ದೆ ಬಂದ ಹಾಗೂ ಆಯಿತು. ಬರೆದದ್ದನ್ನು ನಿಧಾನವಾಗಿ ಓದಿ ಹೇಳಿದ. ಅವಳು ಕೊನೆಯ ತನಕ ಕೇಳಿ, ಸೆರಗಿಗೆ ಹೆಬ್ಬೆರಳು ಒರೆಸಿ, ಪ್ಯಾಡಿಗೆ ಒತ್ತಿ, ಕಾಗದಕ್ಕೆ ಒತ್ತಿದಳು. ಶಾಯಿಯ ಜೊತೆ ಖಾರದ ಘಾಟೂ ಕಾಗದಕ್ಕೆ ಹತ್ತಿತು.

ಅವನು ಬೈಕಿಗೆ ಕಿಕ್ ಹೊಡೆಯಲು ಕಾಲೆತ್ತಿದಾಗ ಅವಳು ಇನ್ನೂ ಅಲ್ಲೇ ನಿಂತಿದ್ದಳು, ಬಾಯಿ ಸ್ವಲ್ಪ ತೆರೆದು. ಅವನು ಕಾಲು ಕೆಳಗಿಟ್ಟ. ಕಾದ.

"ವೇಗ ಇಳಸೂದು ಅಂತ ಬರದ್ರೆಲ್ಲ, ಏನ್ರಿ ಅದು?"

"ಕೆಲಸಾ ಇಲ್ಲದಾಗ ಮಶೀನ ದಮ್ಮ ಹಿಡೀತಿತ್ತು ಯವ್ವಾ. ಎತ್ತಿನಗತೆ. ಸೋಮಾರ ಗಾಡಿ ಇರೂದಿಲ್ಲಲ್ಲ, ಪೂರಾ ದಿನಾ ಆರಾಮ."

"ಈಗ?"

"ತಗದೇನಿ. ಇನ್ನ ಅದಕ್ಕ ಸೋಮಾರ ಇಲ್ಲ."

ಭರಮವ್ವ ಹೊಲದ ಕಡೆ ನೋಡಿದಳು, ತನ್ನ ಬುಟ್ಟಿಯ ಕಡೆ ನೋಡಿದಳು, ಆಮೇಲೆ ಅವನ ಕಡೆ. ಹನ್ನೆರಡು ಹಂಗಾಮು ಅವಳು ಕಾಟಾಕ್ಕೆ ಬಂದಿದ್ದಳು, ಒಂದು ವಾರವೂ ಬಿಡದೆ.

"ಹಂಗಾರ ಆ ಸೋಮಾರದ ಸೂಟಿ ನನಗ ಬರದ ಕೊಡ್ರಿ," ಎಂದಳು.

ಬಾಳೇಶ ಕಾಗದವನ್ನು ಕಿಸೆಯಿಂದ ತೆಗೆದು ಮತ್ತೆ ಸೀಟಿನ ಮೇಲೆ ಹಾಸಿದ.